ಬೇಗೂರು ಕಾಲ್ನಡಿಗೆ: ಎಲೆಕ್ಟ್ರಾನಿಕ್ ಸಿಟಿಯ ಮಗ್ಗುಲಲ್ಲೇ ಗಂಗರ ಕಾಲದ ಕಲ್ಲುಗಳು

ಉದ್ಯೋಗ, ವ್ಯಾಪಾರಗಳಿಗಾಗಿ ರಾಜ್ಯದ ನಾನಾ ಊರುಗಳಿಂದ ಬಂದ ಜೈನ ಕುಟುಂಬಗಳು ಎಲೆಕ್ಟ್ರಾನಿಕ್ ಸಿಟಿ, ಬೊಮ್ಮನಹಳ್ಳಿ ಭಾಗದಲ್ಲಿ ನೆಲೆಸಿವೆ. ರಜೆ ಬಂದರೆ ಶ್ರವಣಬೆಳಗೊಳಕ್ಕೋ ಮೂಡುಬಿದಿರೆಗೋ ಯಾತ್ರೆ ಹೊರಡುವ ಈ ಕುಟುಂಬಗಳಲ್ಲಿ ಹಲವರಿಗೆ ಪಕ್ಕದ ಬೇಗೂರಿನ ಮಹತ್ವ ತಿಳಿದಿಲ್ಲ. ಒಂದು ಬೆಳಗಿನ ಕಾಲ್ನಡಿಗೆಯಲ್ಲಿ ಈ ಊರನ್ನು ನೋಡಿ ಬರಬಹುದು.

ಬೆಂಗಳೂರಿನ ಹೆಸರು

ಗಂಗರ ಕಾಲದ ಶಾಸನಗಳಲ್ಲಿ ಬೇಗೂರಿನ ಹೆಸರು ಬೆಂಪೂರು. ಇಲ್ಲಿನ ನಾಗೇಶ್ವರ ದೇವಾಲಯದ ಆವರಣದಲ್ಲಿ ಸುಮಾರು ಕ್ರಿ.ಶ. 890ರ ಹಳಗನ್ನಡ ಶಾಸನವಿದೆ. ನಾಗತ್ತರನೆಂಬ ಅಧಿಕಾರಿಯ ಕಡೆಯ ಬುಟ್ಟಣಸೆಟ್ಟಿ ಎಂಬುವನು ಬೆಂಗಳೂರ ಕಾಳಗದಲ್ಲಿ ಮಡಿದ ಸಂಗತಿ ಅದರಲ್ಲಿದೆ. ಕೆಂಪೇಗೌಡರು 1537ರಲ್ಲಿ ಪೇಟೆ ಕಟ್ಟುವುದಕ್ಕೆ ಆರು ಶತಮಾನಗಳಿಗೂ ಹಿಂದೆಯೇ ಬೆಂಗಳೂರು ಎಂಬ ಹೆಸರು ಬಳಕೆಯಲ್ಲಿತ್ತು ಎಂಬುದಕ್ಕೆ ಈ ಕಲ್ಲೇ ಸಾಕ್ಷಿ. ಬೆಂದಕಾಳಿನ ಕಥೆಯಲ್ಲಿ ಬರುವ ವೀರಬಲ್ಲಾಳನ ಕಾಲವೂ ಇದಕ್ಕಿಂತ ಈಚಿನದು.

ತೊಂಡಬ್ಬೆಯ ಸಲ್ಲೇಖನ

ಬೇಗೂರಿನ ಮತ್ತೊಂದು ಶಾಸನ ಇದೇ ನಾಗತ್ತರನ ಮಗಳು ತೊಂಡಬ್ಬೆಯದು. ಆಕೆ ಸಲ್ಲೇಖನ ವ್ರತದಿಂದ ದೇಹತ್ಯಾಗ ಮಾಡಿದ್ದನ್ನು ಅದು ತಿಳಿಸುತ್ತದೆ. ತಂದೆಯ ಹೆಸರು ಯುದ್ಧದ ಕಲ್ಲುಗಳಲ್ಲಿ ಉಳಿದರೆ, ಮಗಳ ಹೆಸರು ವ್ರತದ ಕಲ್ಲಿನಲ್ಲಿ ಉಳಿದಿದೆ. ಗಂಗರ ಮಂತ್ರಿ ಚಾವುಂಡರಾಯನು ವಿಂಧ್ಯಗಿರಿಯಲ್ಲಿ ಗೊಮ್ಮಟೇಶ್ವರನನ್ನು ನಿಲ್ಲಿಸುವುದಕ್ಕೂ ಮುಂಚಿನ ತಲೆಮಾರುಗಳಲ್ಲಿ ಈ ಭಾಗದಲ್ಲಿ ಜಿನಧರ್ಮ ಆಚರಣೆಯಲ್ಲಿತ್ತು ಎಂಬುದು ಇದರಿಂದ ತಿಳಿಯುತ್ತದೆ.

ನಡೆಯುವ ದಾರಿ

2025ರ ಆಗಸ್ಟ್‌ನಲ್ಲಿ ಆರಂಭವಾದ ಹಳದಿ ಮಾರ್ಗದ ಮೆಟ್ರೋದಲ್ಲಿ ಬಂದು ಬೊಮ್ಮನಹಳ್ಳಿಯಲ್ಲಿ ಇಳಿದರೆ, ಬೇಗೂರು ರಸ್ತೆಯಲ್ಲಿ ಬಸ್ಸಿನಲ್ಲೋ ಆಟೋದಲ್ಲೋ ಊರು ತಲುಪಬಹುದು. ಅಲ್ಲಿಂದ ಮುಂದೆ ನಡಿಗೆ. ಮೊದಲು ನಾಗೇಶ್ವರ ದೇವಾಲಯ, ನಂತರ ಹಳೆಯ ಮಣ್ಣಿನ ಕೋಟೆ, ಕೊನೆಗೆ ಬೇಗೂರು ಕೆರೆ. ದೇವಾಲಯದಲ್ಲಿ ಪೂಜೆ ನಡೆಯುವುದರಿಂದ ಅಲ್ಲಿನ ನಿಯಮಗಳನ್ನು ಪಾಲಿಸಬೇಕು. ಬಿಸಿಲೇರುವ ಮೊದಲು ಹೊರಡುವುದು ಒಳ್ಳೆಯದು. ಮಳೆಗಾಲದಲ್ಲಿ ಕೆರೆಯ ಬದಿಯಲ್ಲಿ ಹುಳು, ಇರುವೆ, ಬಸವನಹುಳು ಹೆಚ್ಚು. ನಾಲ್ಕು ಮೊಳ ನೆಲ ನೋಡಿ ಹೆಜ್ಜೆ ಇಡುವ ಈರ್ಯಾಸಮಿತಿಯನ್ನು ಮಕ್ಕಳಿಗೆ ಹೇಳಿಕೊಡಲು ಇದು ತಕ್ಕ ಜಾಗ. ಸೋಸಿದ ನೀರನ್ನು ಮನೆಯಿಂದಲೇ ಒಯ್ಯಬೇಕು.

ಕಬ್ಬನ್ ಪಾರ್ಕಿನಲ್ಲಿ ಉಳಿದ ಭಾಗ

ಬೇಗೂರಿನ ಪ್ರಸಿದ್ಧ ವೀರಗಲ್ಲು ಊರಿನಲ್ಲಿ ಇಲ್ಲ. ಅದು ಕಬ್ಬನ್ ಪಾರ್ಕಿಗೆ ಸೇರಿದಂತಿರುವ ಕಸ್ತೂರ್ಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದ್ದು. 1865ರಲ್ಲಿ ಆರಂಭವಾದ ಸಂಸ್ಥೆ ಇದು. ಗಂಗ ದೊರೆ ಎರೆಯಪ್ಪನ ಆಜ್ಞೆಯಂತೆ ವೀರಮಹೇಂದ್ರನ ವಿರುದ್ಧ ಹೋರಾಡಿ ನಾಗತ್ತರ ಮಡಿದದ್ದು, ಬಳಿಕ ಇರುಗನಿಗೆ ಬೆಂಪೂರು ಹನ್ನೆರಡನ್ನು ಕೊಟ್ಟದ್ದು ಆ ಕಲ್ಲಿನಲ್ಲಿದೆ. ಆ ಹಳ್ಳಿಗಳ ಪಟ್ಟಿಯಲ್ಲಿ ಕೂಡಲೆ, ಇಗ್ಗಲೂರು ಎಂಬ ಹೆಸರುಗಳು ಬರುತ್ತವೆ. ಕೂಡ್ಲು, ಇಗ್ಗಲೂರು ಎಂಬ ಊರುಗಳು ಈ ಭಾಗದಲ್ಲಿ ಇಂದಿಗೂ ಇವೆ. ಹೋಗುವ ಮುನ್ನ ಸಂಗ್ರಹಾಲಯ ತೆರೆದಿದೆಯೇ ಎಂದು ವಿಚಾರಿಸಿಕೊಳ್ಳಬೇಕು. ಸಂಗ್ರಹಾಲಯ ನೋಡಿದ ನಂತರ ಉದ್ಯಾನದ ಮರಗಳ ನೆರಳಲ್ಲಿ ಒಂದು ಸುತ್ತು ನಡೆಯಬಹುದು.

ಕಲ್ಲು ಕಂಡರೆ ಏನು ಮಾಡಬೇಕು

ಲೇಔಟು, ರಸ್ತೆ, ಚರಂಡಿ ಕೆಲಸ ಬಿಡುವಿಲ್ಲದೆ ನಡೆಯುವ ಹೊರವಲಯದಲ್ಲಿ ಬರಹವಿರುವ ಕಲ್ಲು ಚಪ್ಪಡಿಯಾಗಿ ಬಳಕೆಯಾಗುವುದು, ಮಣ್ಣಿನಡಿ ಸೇರುವುದು ಅಪರೂಪವಲ್ಲ. ಬೆಂಗಳೂರಿನ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುವ ಕೆಲಸವನ್ನು ಮಿಥಿಕ್ ಸೊಸೈಟಿ 2021ರಿಂದ ನಡೆಸುತ್ತಿದೆ. ಅಕ್ಷರವಿರುವ ಕಲ್ಲು ಕಂಡವರು ಅದಕ್ಕೆ ಎಣ್ಣೆ, ಕುಂಕುಮ, ಬಣ್ಣ ಹಚ್ಚಬಾರದು. ಉಜ್ಜಿ ತೊಳೆಯಲೂಬಾರದು, ಜಾಗದಿಂದ ಕದಲಿಸಲೂಬಾರದು. ಅಕ್ಷರಗಳು ಕಾಣುವಂತೆ ಫೋಟೋ ತೆಗೆದು, ಸ್ಥಳದ ಗುರುತು ಬರೆದುಕೊಂಡು ಪುರಾತತ್ವ ಇಲಾಖೆಗೆ ತಿಳಿಸಬೇಕು. ತೊಂಡಬ್ಬೆಯ ಹೆಸರು ನಮಗೆ ತಿಳಿದಿರುವುದು ಒಂದು ಕಲ್ಲು ಉಳಿದದ್ದರಿಂದ. ಇನ್ನೂ ಓದದ ಕಲ್ಲುಗಳಲ್ಲಿ ಅಂಥ ಹೆಸರುಗಳು ಇರಬಹುದು.