1865ರ ಹಂಚು, ಹದಿನೇಳು ಸಾಲು ಮತ್ತು ಒಂದು ಇಂಚು

ನಾನು ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿ ಓದಲು ಕಲಿತದ್ದು ಶಾಲೆಯಲ್ಲಲ್ಲ, ನಮ್ಮ ಮನೆಯ ಚಾವಡಿಯಲ್ಲಿ ಅಂಗಾತ ಮಲಗಿ. ಬಂಟ್ವಾಳದಿಂದ ಒಳಗೆ ಹೋಗುವ ಒಂದು ಹಳ್ಳಿ ನಮ್ಮದು. ಚಾವಡಿಗೆ ಅಟ್ಟ ಇಲ್ಲ. ಮಲಗಿ ಮೇಲೆ ನೋಡಿದರೆ ಪಕ್ಕಾಸು, ಅದರ ಮೇಲೆ ಅಡ್ಡಕ್ಕೆ ರೀಪು, ಅದರಾಚೆ ಹಂಚಿನ ಹೊಟ್ಟೆ. ಪ್ರತಿ ಹಂಚಿನ ಹೊಟ್ಟೆಯಲ್ಲೂ ಅಚ್ಚೊತ್ತಿದ ಅದೇ ಅಕ್ಷರಗಳು: ಬಾಸೆಲ್ ಮಿಶನ್ ಟೈಲ್ ವರ್ಕ್ಸ್, 1865.

"ನಮ್ಮ ಮನೆ 1865ರದ್ದು" ಅಂತ ಶಾಲೆಯಲ್ಲಿ ಎಷ್ಟು ಜಂಬ ಕೊಚ್ಚಿಕೊಂಡಿದ್ದೆನೋ! ಅದು ಸುಳ್ಳು ಅಂತ ಗೊತ್ತಾದದ್ದು ತುಂಬ ಆಮೇಲೆ. ಆ ಇಸವಿ ಹಂಚು ಹುಟ್ಟಿದ್ದಲ್ಲ, ಕಾರ್ಖಾನೆ ಹುಟ್ಟಿದ್ದು. ಮಂಗಳೂರಿನ ಆಲ್ಬುಕರ್ಕ್ ಕಂಪನಿಯ ಹಂಚಿನ ಮೇಲೆ 1868 ಅಂತ ಇರುವುದೂ ಹಾಗೆಯೇ. ನಮ್ಮ ಮನೆ ನಿಜವಾಗಿ ಕಟ್ಟಿದ್ದು 1911ರಲ್ಲಿ, ನನ್ನ ಮುತ್ತಜ್ಜ. ಅವರ ಲೆಕ್ಕದ ಕಡತ ಇನ್ನೂ ಪೆಟ್ಟಿಗೆಯಲ್ಲಿ ಉಂಟು. ಆ ಕಡತದ ಒಂದು ಸಾಲು ನೂರು ವರ್ಷ ದಾಟಿದ ಮೇಲೆ ನಮ್ಮ ಮಾಡನ್ನು ಉಳಿಸಿತು ಅಂದರೆ ನಂಬುತ್ತೀರಾ? ಆ ಕಥೆ ಹೇಳಬೇಕೆಂದರೆ ಮೊದಲು ಹಂಚಿನ ಕಥೆ ಹೇಳಬೇಕು.

ಬಾಸೆಲ್ ಮಿಶನ್ನಿನ ಪಾದ್ರಿಗಳು ಮಂಗಳೂರಿಗೆ ಬಂದದ್ದು 1834ರಲ್ಲಿ. ಬಂದ ಕೆಲಸ ಮತಪ್ರಚಾರ. ಆದರೆ ಮತ ಬದಲಿಸಿದವರಿಗೆ ಮನೆ, ಜಮೀನು, ಕುಲಕಸುಬು ಎಲ್ಲ ಒಟ್ಟಿಗೆ ಕೈತಪ್ಪಿ ಹೋಗುತ್ತಿತ್ತು. ಅವರ ಹೊಟ್ಟೆಪಾಡಿಗೆ ಏನಾದರೂ ದಾರಿ ಬೇಕಿತ್ತು. ಹಾಗೆ ಒಂದೊಂದಾಗಿ ಉದ್ಯಮಗಳು ಹುಟ್ಟಿದವು. 1841ರಲ್ಲಿ ಅಚ್ಚುಕೂಟ, 1851ರ ಹೊತ್ತಿಗೆ ನೇಯ್ಗೆ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರಲ್ಲಿ ಬಂದದ್ದು, ಕಿಟ್ಟೆಲ್ ನಿಘಂಟು 1894ರಲ್ಲಿ ಅಚ್ಚಾದದ್ದು ಎಲ್ಲ ಇದೇ ಬಳಗದಿಂದ ಅಂತ ನಿಮಗೆ ಗೊತ್ತೇ ಇದೆ.

ಅಚ್ಚುಕೂಟದ ಕೆಲಸಕ್ಕೆ ಬಂದವರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಅಂತ ಒಬ್ಬ ಜರ್ಮನ್. ಅಚ್ಚುಮೊಳೆಯ ಕೆಲಸ ಗೊತ್ತಿದ್ದವನ ಕಣ್ಣು ನೇತ್ರಾವತಿ, ಗುರುಪುರ ಹೊಳೆಗಳ ದಡದ ಜೇಡಿಮಣ್ಣಿನ ಮೇಲೆ ಬಿತ್ತು. 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರುವಾಯಿತು. ಮಣ್ಣು ಅರೆಯುವುದಕ್ಕೆ ಎತ್ತು, ಒತ್ತುವುದಕ್ಕೆ ಕೈಯಲ್ಲಿ ತಿರುಗಿಸುವ ಪ್ರೆಸ್ಸು. ಕಾಗದದ ಮೇಲೆ ಅಕ್ಷರ ಒತ್ತುತ್ತಿದ್ದ ಊರಿನಲ್ಲಿ ಮಣ್ಣನ್ನೂ ಒತ್ತತೊಡಗಿದರು.

ಇಲ್ಲಿ ಒಂದು ಮಾತು. ಹಂಚು ನಮಗೆ ಹೊಸತೇನಲ್ಲ. ಕುಂಬಾರರು ಮಾಡುವ ನಾಡಹಂಚು ಮೊದಲಿನಿಂದಲೂ ಇತ್ತು. ಅರ್ಧ ಸೀಳಿದ ಕೊಳವೆಯ ಹಾಗೆ ಅದು. ಒಂದು ಸಾಲು ಅಂಗಾತ, ಅದರ ಮೇಲೆ ಇನ್ನೊಂದು ಸಾಲು ಕವುಚಿ. ಮಂಗ ಓಡಿದರೆ, ಕಾಯಿ ಬಿದ್ದರೆ ಜರುಗುತ್ತಿತ್ತು. ಪ್ರತಿ ವರ್ಷ ಮಳೆಗೆ ಮೊದಲು ಹತ್ತಿ ಕೈಯಾಡಿಸಲೇಬೇಕು. ಅದೂ ಇಲ್ಲದವರಿಗೆ ಮುಳಿಹುಲ್ಲು, ತೆಂಗಿನ ಮಡಲು. ಬೇಸಿಗೆಯಲ್ಲಿ ಒಂದು ಕಿಡಿ ಬಿದ್ದರೆ ಮುಗಿಯಿತು.

ಹೊಸ ಹಂಚಿನ ಬುದ್ಧಿವಂತಿಕೆ ಇದ್ದದ್ದು ಅದರ ಅಂಚಿನಲ್ಲಿ. ಒಂದು ಹಂಚು ಪಕ್ಕದ ಹಂಚಿಗೂ ಮೇಲಿನ ಹಂಚಿಗೂ ಕಚ್ಚಿ ಕೂರುವಂತೆ ಏಣು ಮತ್ತು ಗಾಡಿ. ಈ ಜಾತಿಯ ಹಂಚಿಗೆ ಫ್ರಾನ್ಸಿನ ಆಲ್ಸೇಸ್ ಪ್ರಾಂತ್ಯದ ಆಲ್ಟ್‌ಕಿರ್ಕ್ ಎಂಬ ಊರಿನ ಜಿಲಾರ್ಡೊನಿ ಸಹೋದರರು 1841ರಲ್ಲಿ ಪೇಟೆಂಟ್ ತೆಗೆದುಕೊಂಡಿದ್ದರು. ಆ ಊರು ಬಾಸೆಲ್ ನಗರದಿಂದ ಬಹಳ ದೂರವೇನಲ್ಲ. ಹಂಚಿನ ಅಡಿಯಲ್ಲಿ ರೀಪಿಗೆ ಸಿಕ್ಕಿಸುವ ಮೂಗು. ಒಂದೊಂದು ಹಂಚಿಗೆ ಎರಡು, ಎರಡೂವರೆ ಕಿಲೋ ತೂಕ. ಮೊಳೆ ಬೇಡ, ಗಾರೆ ಬೇಡ. ತನ್ನ ಭಾರದಿಂದಲೇ, ತನ್ನ ಕಚ್ಚಿನಿಂದಲೇ ನಿಲ್ಲುತ್ತದೆ.

ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರಿನಲ್ಲಿ ಇದಕ್ಕಿಂತ ಹೆಚ್ಚಿನದು ಏನು ಬೇಕು? ಕಾರ್ಖಾನೆಗಳು ಒಂದರ ಹಿಂದೊಂದು ಎದ್ದವು. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ. ಅದಕ್ಕೂ ಮೊದಲೇ ಮಂಜಿ, ಪತ್ತೆಮಾರಿಗಳಲ್ಲಿ ಹಂಚು ಬೊಂಬಾಯಿ, ಗುಜರಾತು ಅಂತ ಕರಾವಳಿ ಉದ್ದಕ್ಕೂ ಹೋಯಿತು, ಸಮುದ್ರ ದಾಟಿ ಆಫ್ರಿಕಾಕ್ಕೂ ಹೋಯಿತು. ಮುಂದೆ ಗುಜರಾತಿನ ಮೋರ್ಬಿಯಲ್ಲೇ ಈ ಹಂಚು ಮಾಡತೊಡಗಿದರೂ ಅಲ್ಲಿಯ ಜನ ಅದನ್ನು ಕರೆಯುವುದು 'ಮ್ಯಾಂಗ್ಲೋರಿ ನಳಿಯಾ' ಅಂತಲೇ. ಮೊದಲ ಮಹಾಯುದ್ಧದ ಬಳಿಕ ಮಿಶನ್ನಿನ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಕಂಪನಿಯ ಕೈಗೆ ಹೋದವು. ಈಗ ಮಂಗಳೂರಿನಲ್ಲಿ ಹೊಗೆಯಾಡುವ ಹಂಚಿನ ಚಿಮಣಿ ಹುಡುಕಬೇಕಾಗಿದೆ.

ಇರಲಿ, ನಮ್ಮ ಮನೆಗೆ ಬರೋಣ.

ಮುತ್ತಜ್ಜನ ಕಾಲದಲ್ಲಿ ಬಂಟ್ವಾಳ ಅಂದರೆ ಹೊಳೆಬದಿಯ ದೊಡ್ಡ ಪೇಟೆ. ಮಂಗಳೂರಿನಿಂದ ನೇತ್ರಾವತಿಯಲ್ಲಿ ದೋಣಿ ಬರುತ್ತಿತ್ತು. ನಮ್ಮ ಹಂಚು ಬಂದದ್ದೂ ಹಾಗೆಯೇ. ಕಡತದಲ್ಲಿ ದೋಣಿ ಬಾಡಿಗೆ ಬೇರೆ, ಅಲ್ಲಿಂದ ಗಾಡಿ ಬಾಡಿಗೆ ಬೇರೆ ಬರೆದಿದ್ದಾರೆ. ಒಡೆದ ಹಂಚೆಷ್ಟು ಅಂತಲೂ ಬರೆದಿದ್ದಾರೆ. ಲೆಕ್ಕದಲ್ಲಿ ಮಹಾ ಬಿಗಿ ಮನುಷ್ಯ ಅಂತ ಅಪ್ಪ ಹೇಳುವುದುಂಟು.

2019ರಲ್ಲಿ ನಮ್ಮ ಮಾಡಿನ ರೀಪಿಗೆ ಒರಲೆ ಹಿಡಿಯಿತು. ನಾನು ಬೆಂಗಳೂರಿನಲ್ಲಿ, ಅಪ್ಪನಿಗೆ ಓಡಾಡಲು ಕೈಲಾಗುವುದಿಲ್ಲ. ಗೊತ್ತಿದ್ದವರು ಹೇಳಿದ ಒಬ್ಬ ಕಂತ್ರಾಟಿನವನಿಗೆ ಒಪ್ಪಿಸಿದೆವು. ಹಂಚು ಇಳಿಸಿ, ಹೊಸ ರೀಪು ಹೊಡೆದು, ಹತ್ತೇ ದಿನದಲ್ಲಿ ಮತ್ತೆ ಹಂಚು ಹೊದೆಸಿ ಹೋದ. ಒಡೆದವುಗಳ ಬದಲಿಗೆ ಬೇರೆಲ್ಲಿಂದಲೋ ತಂದ ಹಂಚು ಸೇರಿಸಿದ್ದ. ನೋಡಲು ಚೆನ್ನಾಗಿಯೇ ಇತ್ತು.

ಆ ವರ್ಷದ ಆಟಿಯ ಮಳೆಗೆ ಚಾವಡಿಯ ಪಡುಗೋಡೆ ಒದ್ದೆಯಾಯಿತು. ಅಪ್ಪನ ಮಂಚ ಇರುವುದೇ ಅಲ್ಲಿ. ಮಂಚ ಜರುಗಿಸಿ ಬಾಲ್ದಿ ಇಟ್ಟರು. ಕಂತ್ರಾಟಿನವನು ಫೋನು ಎತ್ತಲಿಲ್ಲ. ಮರುವರ್ಷ ಒಬ್ಬರು ಬಂದು ಬಾಲ್ದಿಯ ನೇರ ಮೇಲಿದ್ದ ಹಂಚು ಬದಲಿಸಿದರು. ಸೋರಿತು. ಅದರ ಮರುವರ್ಷ ಇನ್ನೊಬ್ಬರು ಡಾಂಬರು ಮೆತ್ತಿದರು. ಸೋರಿತು. ಮತ್ತೊಬ್ಬರು ಹಂಚಿನ ಸಂದಿಗೆಲ್ಲ ಸಿಮೆಂಟು ತುಂಬಿದರು. ಆಮೇಲೆ ಎರಡು ಬಾಲ್ದಿ ಬೇಕಾಯಿತು!

"ನೂರು ವರ್ಷದ ಹಂಚು, ಸಾಕಾಯಿತು ಅದಕ್ಕೂ. ಶೀಟು ಹಾಕಿಬಿಡುವ" ಅಂದರು ಅಪ್ಪ. ಹಳೇ ಹಂಚು ಕೊಳ್ಳುವವನೊಬ್ಬ ಅಷ್ಟರಲ್ಲಿ ಬಂದು ನೋಡಿಯೂ ಹೋಗಿದ್ದ. ಯಾವುದೋ ರೆಸಾರ್ಟಿಗಂತೆ. ಅಮ್ಮ ಏನೂ ಹೇಳಲಿಲ್ಲ, ಆದರೆ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ ಅಂತ ತಂಗಿ ಫೋನಿನಲ್ಲಿ ಹೇಳಿದಳು.

2023ರ ಆಟಿಯಲ್ಲಿ ರಜೆ ಹಾಕಿ ಊರಿಗೆ ಹೋದೆ. ನಮ್ಮೂರಿನ ಹಿರಿಯ ಆಚಾರಿಯೊಬ್ಬರನ್ನು ಕರೆಸಿದೆವು. ಎಪ್ಪತ್ತು ದಾಟಿದವರು, ಈಗ ಮಾಡು ಹತ್ತುವುದಿಲ್ಲ. ಬಂದವರೇ ಬಾಲ್ದಿ ನೋಡಲಿಲ್ಲ. "ನೀರು ಬೀಳುವಲ್ಲಿ ತೂತು ಇರುವುದಿಲ್ಲ ಮಾರಾಯ್ರೇ. ನೀರಿಗೆ ನಡೆಯುವ ಅಭ್ಯಾಸ ಉಂಟು" ಅಂದರು. ಜೋರು ಮಳೆಯಲ್ಲಿ ಏಣಿ ಇಟ್ಟು ನನ್ನನ್ನು ಹತ್ತಿಸಿದರು. ಕೈಯಲ್ಲಿ ಒಂದು ಟಾರ್ಚು, ಒಂದು ಸೀಮೆಸುಣ್ಣದ ತುಂಡು. ಪಕ್ಕಾಸಿನ ಅಡಿಯಲ್ಲಿ ಹೊಳೆಯುವ ಗೆರೆ ಹಿಡಿದು ಮೇಲೆ ಮೇಲೆ ಹೋದರೆ, ಬಾಲ್ದಿಗೆ ಬೀಳುತ್ತಿದ್ದ ನೀರು ಒಳಗೆ ಬರುತ್ತಿದ್ದದ್ದು ಆರಡಿ ಮೇಲೆ! ಅದೂ ಒಂದು ಕಡೆಯಿಂದಲ್ಲ. ಗಾಳಿ ಪಡುವಣದಿಂದ ಬೀಸಿದಾಗಲೆಲ್ಲ ಐದಾರು ಕಡೆಯಿಂದ ಸಣ್ಣಗೆ ಎರಚಲು. ಹಂಚು ಒಂದೂ ಒಡೆದಿರಲಿಲ್ಲ. ಎಲ್ಲ ಕಡೆ ಗುರುತು ಮಾಡಿ ಇಳಿದೆ.

ಒಡೆಯದ ಹಂಚಿನಿಂದ ನೀರು ಹೇಗೆ ಬರುತ್ತದೆ? ಆಚಾರ್ರು ವೀಳ್ಯ ಮೆಲ್ಲುತ್ತಾ ಮೇಲೆ ನೋಡುತ್ತಾ ಕುಳಿತರು. ಆಮೇಲೆ "ಮೊದಲು ಎಷ್ಟು ಸಾಲು ಇತ್ತು?" ಅಂತ ಕೇಳಿದರು. ಯಾರಿಗೆ ಗೊತ್ತು? ಅಪ್ಪ ತಲೆಯಾಡಿಸಿದರು. ಅಮ್ಮ ಎದ್ದು ಹೋಗಿ ಪೆಟ್ಟಿಗೆಯಿಂದ ಕಡತ ತಂದು ನನ್ನ ಕೈಗಿಟ್ಟಳು.

ಪುಟ ತಿರುಗಿಸುತ್ತಾ ಹೋದೆ. ದೋಣಿ ಬಾಡಿಗೆ, ಗಾಡಿ ಬಾಡಿಗೆ, ಒಡೆದ ಹಂಚು... ಅದರ ಕೆಳಗೆ ಮುತ್ತಜ್ಜನ ಕೊಂಕು ಅಕ್ಷರದಲ್ಲಿ: ಮೂಡುಮಾಡು ಸಾಲು 17, ಪಡುಮಾಡು ಸಾಲು 17.

ಟಾರ್ಚು ಬಿಟ್ಟು ಎಣಿಸಿದೆವು. ಹದಿನಾರು. ಮತ್ತೊಮ್ಮೆ ಎಣಿಸಿದೆವು. ಹದಿನಾರೇ.

ಆಚಾರ್ರು ಹಟ್ಟಿಯ ಬದಿ ಬಿದ್ದಿದ್ದ ಎರಡು ಹಳೇ ಹಂಚು ತರಿಸಿ ಚಾವಡಿಯ ನೆಲದ ಮೇಲೆ ಒಂದಕ್ಕೊಂದು ಕಚ್ಚಿಸಿ ಇಟ್ಟರು. ಒಂದರ ಮೂಗಿನಿಂದ ಇನ್ನೊಂದರ ಮೂಗಿಗೆ ಅಳತೆ ಹಿಡಿದರು. ಹನ್ನೆರಡೂವರೆ ಇಂಚು. ಏಣಿ ಹತ್ತಿ ರೀಪಿನ ಅಂತರ ಅಳೆದೆ. ಹದಿಮೂರೂವರೆ! ನಮ್ಮ ಮಾಡಿನ ಇಳಿಜಾರು ಹದಿನೆಂಟು ಅಡಿ, ಅಂದರೆ 216 ಇಂಚು. ಹನ್ನೆರಡೂವರೆಯಂತೆ ಹೋದರೆ ಹದಿನೇಳು ಸಾಲು ತುಂಬಿ ಸ್ವಲ್ಪ ಉಳಿಯುತ್ತದೆ. ಹದಿಮೂರೂವರೆಯಂತೆ ಹೋದರೆ ಸರಿಯಾಗಿ ಹದಿನಾರು. ಒಂದು ಬದಿಗೆ ಒಂದು ಸಾಲು ರೀಪು, ನಲವತ್ತಕ್ಕೂ ಹೆಚ್ಚು ಹಂಚು ಉಳಿತಾಯ. ಅಷ್ಟಕ್ಕಾಗಿ ನಾವು ಐದು ಮಳೆಗಾಲ ಬಾಲ್ದಿ ಇಟ್ಟೆವು.

ಒಂದು ಇಂಚಿನಿಂದ ಏನಾಗುತ್ತದೆ ಅಂತ ನೀವು ಕೇಳಬಹುದು. ಮೇಲಿನ ಹಂಚಿನ ಬಾಯಿಯಲ್ಲಿ ಕೆಳಮುಖವಾಗಿ ಒಂದು ತುಟಿ ಇರುತ್ತದೆ. ಅದು ಕೆಳಗಿನ ಹಂಚಿನ ತಲೆಯ ಏಣು ದಾಟಿ ಅದರ ಮುಂದೆ ಕೂರಬೇಕು. ಆಗ ಗಾಳಿ ನೀರನ್ನು ಮೇಲಕ್ಕೆ ತಳ್ಳಿದರೂ ಏಣು ತಡೆಯುತ್ತದೆ. ಒಂದು ಇಂಚು ಮೇಲೆ ಹೋದರೆ ತುಟಿ ಆ ಏಣಿನ ಮೇಲೆಯೇ ಕೂರುತ್ತದೆ. ಕೆಳಗೆ ಸಂದಿ ಬಿಡುತ್ತದೆ. ಸುಮ್ಮನೆ ಬೀಳುವ ಮಳೆಗೆ ಏನೂ ಗೊತ್ತಾಗುವುದಿಲ್ಲ, ಗಾಳಿಮಳೆಗೆ ಬಾಗಿಲು ತೆರೆದ ಹಾಗೆ.

ಎರಡನೆಯ ತಪ್ಪು ಬೇರೆ ಕಾರ್ಖಾನೆಯ ಹಂಚು ಬೆರೆಸಿದ್ದು. ಎಲ್ಲ ಮಂಗಳೂರು ಹಂಚೂ ಒಂದೇ ಅಲ್ಲ. ಒಬ್ಬೊಬ್ಬರ ಅಚ್ಚು ಒಂದೊಂದು ತರ. ಸರ್ಕಾರಿ ಮಾನಕದಲ್ಲೇ (ಐಎಸ್ 654) ಮೂರು ಅಳತೆ ಇವೆ. ಕೆಲವೇ ಮಿಲಿಮೀಟರು ಅಗಲ ಹೆಚ್ಚಾದರೂ ಪಕ್ಕದ ಕಚ್ಚು ಕೂರದೆ ಹಂಚು ಎದ್ದು ನಿಲ್ಲುತ್ತದೆ. ಮೂರನೆಯದು ಆ ಸಿಮೆಂಟು. ಅಂಚಿನ ಗಾಡಿ ಇರುವುದೇ ನುಸುಳಿದ ನೀರನ್ನು ಕೆಳಗಿನ ಹಂಚಿನ ಮೇಲೆ ಹರಿಸಿ ಹೊರಗೆ ಹಾಕಲು. ಅದನ್ನು ಮುಚ್ಚಿದರೆ ನೀರು ಒಳಗೆ ತಿರುಗದೆ ಏನು ಮಾಡೀತು? ದುರಸ್ತಿಯೇ ಸೋರಿಕೆಗೆ ಕಾರಣವಾಗಿತ್ತು.

2024ರ ಏಪ್ರಿಲಿನಲ್ಲಿ ಆಚಾರ್ರ ಮಗ ಮತ್ತು ಇಬ್ಬರು ಹುಡುಗರು ಕೆಲಸಕ್ಕೆ ನಿಂತರು, ಆಚಾರ್ರು ಅಂಗಳದಲ್ಲಿ ಕುರ್ಚಿ ಹಾಕಿ ಕುಳಿತರು. ಹಂಚು ಇಳಿಸಿ, ಹೊಟ್ಟೆಯ ಹೆಸರು ನೋಡಿ ಬೇರೆ ಬೇರೆ ರಾಶಿ ಹಾಕಿದೆವು. ಹಟ್ಟಿಯ ಮಾಡಿನಲ್ಲಿದ್ದ 1865ರ ಹಂಚೆಲ್ಲ ಮನೆಗೆ, ಹೊರಗಿನಿಂದ ಬಂದವೆಲ್ಲ ಒಟ್ಟಾಗಿ ಹಟ್ಟಿಗೆ. ಸಿಮೆಂಟು ಹಿಡಿದವನ್ನು ಉಳಿಯ ತುದಿಯಿಂದ ಮೆಲ್ಲಗೆ ಕೆರೆದೆವು. ಕೆಲವು ಒಡೆದವು, ಹೆಚ್ಚಿನವು ಉಳಿದವು. ಹನ್ನೆರಡೂವರೆ ಇಂಚಿನ ಒಂದು ಕೋಲು ಕತ್ತರಿಸಿ, ಅದನ್ನೇ ಇಟ್ಟು ಇಟ್ಟು ಕೆಳಗಿನಿಂದ ಮೇಲಕ್ಕೆ ರೀಪು ಹೊಡೆದರು. ಕೊನೆಗೆ ಪರೀಕ್ಷೆ. ಕೊಳವೆ ಹಿಡಿದು ಕೆಳಗಿನ ಸಾಲಿನಿಂದ ಶುರು ಮಾಡಿ, ಸಾಲು ಸಾಲಿಗೆ ಸ್ವಲ್ಪ ಹೊತ್ತು ನೀರು ಬಿಡುತ್ತಾ ಮೇಲೆ ಹೋಗಬೇಕು. ಮೇಲಿನಿಂದ ಶುರು ಮಾಡಿದರೆ ಎಲ್ಲಿಂದ ಬಂತು ಅಂತ ತಿಳಿಯುವುದಿಲ್ಲ. ಒಳಗೆ ಅಪ್ಪ ಮೇಲೆ ನೋಡುತ್ತಾ ನಿಂತಿದ್ದರು. ಒಂದು ಹನಿ ಬೀಳಲಿಲ್ಲ.

ಆ ವರ್ಷದ ಆಟಿ ಕಳೆಯಿತು. ಮಂಚ ಮತ್ತೆ ಪಡುಗೋಡೆಯ ಬದಿಗೆ ಬಂದಿದೆ. ಹಂಚು ಕೊಳ್ಳುವವನು ಮತ್ತೊಮ್ಮೆ ಬಂದಿದ್ದನಂತೆ. "ಹಂಚು ಎಂತ ಮಾಡಿದೆ ಪಾಪ, ಅದು ಸರಿಯಾಗಿಯೇ ಉಂಟು" ಅಂತ ಹೇಳಿ ಅಪ್ಪ ಕಳುಹಿಸಿದರಂತೆ.

ಕಡತದಲ್ಲಿ ಮುತ್ತಜ್ಜನ ಆ ಸಾಲಿನ ಕೆಳಗೆ ನಾನೂ ಒಂದು ಸಾಲು ಬರೆದಿಟ್ಟಿದ್ದೇನೆ: 2024, ರೀಪಿನ ಅಂತರ ಹನ್ನೆರಡೂವರೆ ಇಂಚು, ಸಾಲು 17. ಮುಂದೆ ಯಾರಿಗಾದರೂ ಬೇಕಾದೀತು.

ನಿಮ್ಮದೂ ಹಂಚಿನ ಮನೆಯಾಗಿದ್ದರೆ ಈ ಸಲ ಊರಿಗೆ ಹೋದಾಗ ಒಮ್ಮೆ ಅಂಗಾತ ಮಲಗಿ ಮೇಲೆ ನೋಡಿ. ಯಾವ ಹೆಸರು, ಯಾವ ಇಸವಿ ಇದೆ? ಹಾಗೆಯೇ ಸಾಲು ಎಷ್ಟಿದೆ ಅಂತಲೂ ಎಣಿಸಿ ಎಲ್ಲಾದರೂ ಬರೆದಿಟ್ಟುಕೊಳ್ಳಿ.