ಫ್ಲಾಪಿ ಡ್ರೈವ್‌ಗಳ ಮಾರ್ಪಾಡು

ಹಳೆಯ ಕಂಪ್ಯೂಟರುಗಳ ಫ್ಲಾಪಿ ಡ್ರೈವ್ ತಪ್ಪಿಲ್ಲದೆ ಓದುವಂತೆ, ಬೇರೆ ಯಂತ್ರಕ್ಕೂ ಹೊಂದುವಂತೆ ಅದರ ಯಾಂತ್ರಿಕ ಭಾಗಗಳನ್ನೋ ಸರ್ಕ್ಯೂಟನ್ನೋ ತಂತಿಜೋಡಣೆಯನ್ನೋ ಬದಲಿಸುವ ಕೆಲಸ. ಮೊದಮೊದಲು ಇದರ ಉದ್ದೇಶ ಹಣ ಉಳಿಸುವುದಾಗಿತ್ತು. ಈಗ ಮುಖ್ಯವಾಗಿ ಫ್ಲಾಪಿಯಲ್ಲಿ ಸಿಕ್ಕಿಕೊಂಡಿರುವ ಬರಹವನ್ನು ಹೊರತೆಗೆಯುವುದು. ಧಾರೇಶ್ವರ, ಕುಮಟಾ, ಹೊನ್ನಾವರ, ಭಟ್ಕಳದಂಥ ಕಡಲದಂಡೆಯ ಊರುಗಳಲ್ಲಿ ಉಪ್ಪುಗಾಳಿ ಮತ್ತು ಮಳೆಗಾಲದ ತೇವದಿಂದಾಗಿ ಈ ಕೆಲಸಕ್ಕೆ ಕಾಲಾವಕಾಶ ಕಡಿಮೆ.

ಐಬಿಎಂ 1971ರಲ್ಲಿ 8 ಇಂಚಿನ ಫ್ಲಾಪಿಯನ್ನು ಹೊರತಂದದ್ದು ತನ್ನ ದೊಡ್ಡ ಕಂಪ್ಯೂಟರುಗಳಿಗೆ ಮೈಕ್ರೋಕೋಡ್ (ಪ್ರೊಸೆಸರಿನ ಒಳಗಿನ ಮೂಲ ಆದೇಶಗಳು) ತುಂಬಲಿಕ್ಕೆ. ಸುಮಾರು 80 ಕಿಲೋಬೈಟ್‌ನ ಆ ಫ್ಲಾಪಿಯನ್ನು ಡ್ರೈವ್ ಓದುತ್ತಿತ್ತೇ ಹೊರತು ಅದರ ಮೇಲೆ ಬರೆಯುತ್ತಿರಲಿಲ್ಲ. ಶುಗಾರ್ಟ್ ಅಸೋಸಿಯೇಟ್ಸ್ 1976ರಲ್ಲಿ ತಂದ 5.25 ಇಂಚಿನ ಎಸ್‌ಎ400 ಡ್ರೈವ್ ಫ್ಲಾಪಿಯನ್ನು ಮೇಜಿನ ಮೇಲಿನ ಕಂಪ್ಯೂಟರಿಗೆ ತಲುಪಿಸಿತು. ಅದರ 34 ಪಿನ್ನಿನ ಜೋಡಣೆಯನ್ನೇ ಮುಂದೆ ಬಹುತೇಕ ಕಂಪನಿಗಳು ಅನುಸರಿಸಿದವು.

ಮಾರ್ಪಾಡಿನ ಇತಿಹಾಸದಲ್ಲಿ ಮೊದಲು ಹೆಸರಿಸಬೇಕಾದ್ದು 1978ರ ಆಪಲ್ ಡಿಸ್ಕ್ 2. ಆಪಲ್ ಕಂಪನಿಯ ಸ್ಟೀವ್ ವೋಜ್ನಿಯಾಕ್ ಶುಗಾರ್ಟ್ ಡ್ರೈವಿನ ಯಾಂತ್ರಿಕ ಭಾಗವನ್ನಷ್ಟೇ ಉಳಿಸಿಕೊಂಡು, ಅದರ ಸರ್ಕ್ಯೂಟಿನ ಬಹುಭಾಗವನ್ನು ತೆಗೆದುಹಾಕಿ, ಚಿಪ್ಪುಗಳು ಮಾಡುತ್ತಿದ್ದ ಕೆಲಸವನ್ನು ಸಾಫ್ಟ್‌ವೇರಿಗೆ ವಹಿಸಿದರು. ಹೀಗಾಗಿ 1980ರಲ್ಲಿ ಡ್ರೈವನ್ನು ಮುಟ್ಟದೆಯೇ, ನಿಯಂತ್ರಕ ಕಾರ್ಡಿನ ಎರಡು ಚಿಪ್ಪು ಮತ್ತು ಸಾಫ್ಟ್‌ವೇರ್ ಬದಲಿಸಿ, ಫ್ಲಾಪಿಯ ಪ್ರತಿ ಟ್ರ್ಯಾಕಿನ (ವೃತ್ತಾಕಾರದ ಪಥದ) ಸೆಕ್ಟರುಗಳನ್ನು (ಭಾಗಗಳನ್ನು) 13ರಿಂದ 16ಕ್ಕೆ ಏರಿಸಲು ಸಾಧ್ಯವಾಯಿತು. ಅದೇ ಫ್ಲಾಪಿ 113 ಕಿಲೋಬೈಟ್ ಬದಲು 140 ಹಿಡಿಯಿತು.

ಬಳಕೆದಾರರೇ ಕೈಹಾಕಿ ಸರಿಪಡಿಸಿಕೊಂಡದ್ದಕ್ಕೆ ಕಮೊಡೋರ್ 1541 ಪ್ರಸಿದ್ಧ ಉದಾಹರಣೆ. ಮೊದಲ ಟ್ರ್ಯಾಕ್ ಎಲ್ಲಿದೆಯೆಂದು ತಿಳಿಯಲು ಈ ಡ್ರೈವ್ ತನ್ನ ಓದುವ-ಬರೆಯುವ ಹೆಡ್ಡನ್ನು ತಡೆಗೋಡೆಗೆ ಬಡಿಯುತ್ತಿತ್ತು. ಕಳ್ಳಪ್ರತಿ ತಡೆಯಲೆಂದು ಕೆಲವು ಆಟಗಳ ಫ್ಲಾಪಿಯಲ್ಲಿ ಬೇಕೆಂದೇ ದೋಷಗಳನ್ನಿಡುತ್ತಿದ್ದುದರಿಂದ ಬಡಿತ ಇನ್ನೂ ಹೆಚ್ಚಿತು. ಒಳಗೇ ಇದ್ದ ವಿದ್ಯುತ್ ಪೂರೈಕೆಯ ಬಿಸಿಯೂ ಸೇರಿ, ಮೋಟಾರಿನ ದಂಡಕ್ಕೆ ಒತ್ತಿ ಕೂರಿಸಿದ ರಾಟೆ ಜಾರಿ ಹೆಡ್ಡಿನ ಜಾಗ ತಪ್ಪುತ್ತಿತ್ತು. ರಾಟೆಗೂ ದಂಡಕ್ಕೂ ರಂಧ್ರ ಕೊರೆದು ಪಿನ್ ಹೊಡೆಯುವುದೇ ಇದಕ್ಕೆ ಶಾಶ್ವತ ಪರಿಹಾರವಾಯಿತು. ಮುಂದಿನ 1541-2 ಮಾದರಿಯಲ್ಲಿ ಕಂಪನಿಯೇ ವಿದ್ಯುತ್ ಪೂರೈಕೆಯನ್ನು ಹೊರಗಿಟ್ಟಿತು.

ಹೊಂದಾಣಿಕೆಯ ತೊಡಕು ಬೇರೆ ಬಗೆಯದು. ಐಬಿಎಂ ಪಿಸಿಯಲ್ಲಿ ಎರಡೂ ಡ್ರೈವ್‌ಗಳಿಗೆ ಒಂದೇ ಸಂಖ್ಯೆ ಕೊಟ್ಟು, ಕೇಬಲಿನ ಕೆಲವು ತಂತಿಗಳನ್ನು ತಿರುಚಿ ಎ, ಬಿ ಎಂದು ಬೇರ್ಪಡಿಸುತ್ತಿದ್ದರು. ಅಮಿಗಾ ಕಂಪ್ಯೂಟರಿಗೆ ಈ ತಿರುಚು ಬೇಡ. ಜೊತೆಗೆ 34ನೆಯ ಪಿನ್ನಿನಲ್ಲಿ ಪಿಸಿಯ ಡ್ರೈವ್ ಫ್ಲಾಪಿ ಬದಲಾಯಿತೆಂಬ ಸಂಕೇತ ಕೊಟ್ಟರೆ, ಅಮಿಗಾ ಅಲ್ಲಿ ಡ್ರೈವ್ ಸಿದ್ಧವಾಯಿತೆಂಬ ಸಂಕೇತ ಕಾಯುತ್ತದೆ. ಹಾಗಾಗಿ ಪಿಸಿಯ ಡ್ರೈವನ್ನು ಅಮಿಗಾಕ್ಕೆ ಹೊಂದಿಸಬೇಕಾದರೆ ಜಂಪರ್ ಬದಲಿಸಿ, ಕೆಲವು ಮಾದರಿಗಳಲ್ಲಿ ಬೋರ್ಡಿನ ಗೆರೆ ಕತ್ತರಿಸಿ ತಂತಿ ಬೆಸೆಯಬೇಕು. 5.25 ಇಂಚಿನವುಗಳಲ್ಲಿ ಟ್ರ್ಯಾಕಿನ ಅಗಲವೇ ತೊಡಕು: 1.2 ಮೆಗಾಬೈಟಿನ ಡ್ರೈವಿನ ಹೆಡ್ ಕಿರಿದು. ಅದು 360 ಕಿಲೋಬೈಟಿನ ಹಳೆಯ ಫ್ಲಾಪಿಯ ಮೇಲೆ ಬರೆದರೆ ಅಗಲ ಹೆಡ್ಡಿನ ಡ್ರೈವಿಗೆ ಹಳೆಯ ಬರಹದ ಅಂಚೂ ಕೇಳಿಸಿ ಗೊಂದಲವಾಗುತ್ತದೆ. ಇದಕ್ಕೆ ಯಾವ ಬೆಸುಗೆಯೂ ಪರಿಹಾರವಲ್ಲ. ಹಳೆಯ ಡ್ರೈವಿಗಾಗಿ ಹಳೆಯ ಡ್ರೈವಿನಲ್ಲೇ ಬರೆಯಬೇಕು.

ಡ್ರೈವ್ ತಿರುಗುವ ವೇಗ ಸರಿಪಡಿಸಲು ಭಾರತದಲ್ಲಿ ಸುಲಭ ಸಾಧನವಿತ್ತು. ಅನೇಕ 5.25 ಇಂಚಿನ ಡ್ರೈವ್‌ಗಳ ತಳದ ಚಕ್ರದ ಮೇಲೆ 50 ಮತ್ತು 60 ಹರ್ಟ್ಸ್‌ಗೆಂದು ಎರಡು ಸುತ್ತು ಗೆರೆಗಳಿರುತ್ತವೆ. ನಮ್ಮ ವಿದ್ಯುತ್ತು 50 ಹರ್ಟ್ಸ್. ಹಳೆಯ ಚೋಕಿನ ಟ್ಯೂಬ್‌ಲೈಟಿನ ಬೆಳಕಿನಲ್ಲಿ 50ರ ಗೆರೆಗಳು ನಿಂತಂತೆ ಕಂಡರೆ ಚಕ್ರ ನಿಮಿಷಕ್ಕೆ ಸರಿಯಾಗಿ 300 ಸುತ್ತು ತಿರುಗುತ್ತಿದೆಯೆಂದರ್ಥ. ಸ್ಕ್ರೂಡ್ರೈವರಿನಿಂದ ವೇಗದ ತಿರುಪು ಹೊಂದಿಸಿದರೆ ಸಾಕಿತ್ತು.

ಕರಾವಳಿಯಲ್ಲಿ ಡ್ರೈವಿಗಿಂತ ಮೊದಲು ಕೆಡುವುದು ಫ್ಲಾಪಿಯೇ. ತೇವದಲ್ಲಿ ಅದರ ಕಾಂತೀಯ ಲೇಪದ ಮೇಲೆ ಬೂಷ್ಟು ಕಟ್ಟುತ್ತದೆ. ಅಂಥದನ್ನು ಹಾಗೆಯೇ ಡ್ರೈವಿಗೆ ಹಾಕಿದರೆ ಕೊಳೆ ಹೆಡ್ಡಿಗೆ ಅಂಟಿ, ಮುಂದೆ ಹಾಕುವ ಒಳ್ಳೆಯ ಫ್ಲಾಪಿಯನ್ನೂ ಗೀರುತ್ತದೆ. ಹೊದಿಕೆ ಬಿಡಿಸಿ, ಒಳಗಿನ ತೆಳು ತಟ್ಟೆಯನ್ನು ತೊಳೆದು ಪೂರ್ತಿ ಒಣಗಿಸಿ, ಬೇರೆ ಹೊದಿಕೆಯಲ್ಲಿಟ್ಟು ಓದುವುದು ರೂಢಿ. ಡ್ರೈವಿನಲ್ಲಾದರೆ ಗಟ್ಟಿಯಾದ ಹಳೆಯ ಗ್ರೀಸ್ ತೆಗೆದು ಹೊಸದು ಹಚ್ಚಬೇಕು, ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಬೇಕು, ಸೋರುವ ಕೆಪಾಸಿಟರುಗಳನ್ನು ಬದಲಿಸಬೇಕು. ಹೆಡ್ಡಿನ ಜಾಗವನ್ನು ಮಾತ್ರ ಅವಸರದಲ್ಲಿ ತಿದ್ದಬಾರದು: ಜಾಗ ತಪ್ಪಿದ ಡ್ರೈವಿನಲ್ಲಿ ವರ್ಷಗಟ್ಟಲೆ ಬರೆದ ಫ್ಲಾಪಿಗಳನ್ನು ಆ ಡ್ರೈವೇ ಚೆನ್ನಾಗಿ ಓದುತ್ತದೆ. ಮೊದಲು ಅವೆಲ್ಲವನ್ನೂ ಪ್ರತಿ ಮಾಡಿಕೊಳ್ಳಬೇಕು.

ಸೋನಿ 2011ರ ಮಾರ್ಚಿನಲ್ಲಿ ಜಪಾನಿನಲ್ಲಿ 3.5 ಇಂಚಿನ ಫ್ಲಾಪಿ ಮಾರಾಟ ನಿಲ್ಲಿಸಿತು. ಫ್ಲಾಪಿಯನ್ನೇ ನಂಬಿದ್ದ ಸಿಎನ್‌ಸಿ ಯಂತ್ರ, ಕಸೂತಿ ಯಂತ್ರಗಳಲ್ಲಿ ಡ್ರೈವಿನ ಜಾಗಕ್ಕೆ ಪೆನ್‌ಡ್ರೈವ್ ಓದುವ ಗೋಟೆಕ್‌ನಂಥ ಎಮ್ಯುಲೇಟರ್‌ಗಳು ಬಂದವು. ಯಂತ್ರ ನಡೆಸಲು ಅವು ಸಾಕು, ಹಳೆಯ ಫ್ಲಾಪಿ ಓದಲು ಸಾಲದು. ಅದಕ್ಕೆ ಕ್ರಯೋಫ್ಲಕ್ಸ್, ಗ್ರೀಸ್‌ವೀಸಲ್ ಎಂಬ ಸಾಧನಗಳಿವೆ. ಇವು ಫೈಲುಗಳನ್ನಲ್ಲ, ಫ್ಲಾಪಿಯ ಕಾಂತೀಯ ಬದಲಾವಣೆಗಳ ಸಮಯವನ್ನೇ ದಾಖಲಿಸುತ್ತವೆ. ಫ್ಲಾಪಿ ಯಾವ ಕಂಪ್ಯೂಟರಿನದೆಂದು ಆಮೇಲೆ ಬಿಡಿಸಿಕೊಳ್ಳಬಹುದು.

ಕನ್ನಡದ ಫ್ಲಾಪಿಗಳಲ್ಲಿ ಇನ್ನೂ ಒಂದು ಹಂತವಿದೆ. ಕೆ.ಪಿ. ರಾವ್ ಅವರ ಸೇಡಿಯಾಪು, ಶೇಷಾದ್ರಿವಾಸು ಅವರ ಬರಹ, ಕನ್ನಡ ಗಣಕ ಪರಿಷತ್ತಿನ ನುಡಿ ಮೊದಲಾದ ಕನ್ನಡ ಬರವಣಿಗೆಯ ತಂತ್ರಾಂಶಗಳು ಬಂದದ್ದು ಯೂನಿಕೋಡ್ ಕನ್ನಡದಲ್ಲಿ ಬಳಕೆಗೆ ಬರುವ ಮುಂಚೆ. ಆಗಿನ ಫೈಲುಗಳು ಆಯಾ ಫಾಂಟಿನಲ್ಲಷ್ಟೇ ಕನ್ನಡವಾಗಿ ಕಾಣುತ್ತವೆ, ಇಲ್ಲವಾದರೆ ಬರೀ ಲ್ಯಾಟಿನ್ ಅಕ್ಷರಗಳ ರಾಶಿ. ಆದ್ದರಿಂದ ಬರಹದ ಫೈಲಿನೊಂದಿಗೆ ಅದನ್ನು ಟೈಪು ಮಾಡಿದ ತಂತ್ರಾಂಶ, ಫಾಂಟುಗಳಿರುವ ಫ್ಲಾಪಿಗಳನ್ನೂ ಪ್ರತಿ ಮಾಡಿಟ್ಟುಕೊಂಡು, ಅನಂತರ ಯೂನಿಕೋಡಿಗೆ ಪರಿವರ್ತಿಸಬೇಕಾಗುತ್ತದೆ.