ಕೊಳಕುಮಂಡಲ ಕಲಿಸಿದ ರಕ್ತದ ಪಾಠ

ಚಳ್ಳಕೆರೆ, ಮೊಳಕಾಲ್ಮುರು ಕಡೆಯವರಿಗೆ ಎರಡು ಭಾಷೆ ಸಹಜ. ಕೆಲವರಿಗೆ ಮನೇಲಿ ಕನ್ನಡ, ಸಂತೇಲಿ ತೆಲುಗು. ಇನ್ನು ಕೆಲವರಿಗೆ ಅದು ತಿರುಗುಮುರುಗು. ರಾಯದುರ್ಗ ಅಷ್ಟು ಹತ್ತಿರ. ಹಾಗಾಗಿ ನಮ್ಮ ಶೇಂಗಾ ಹೊಲದಲ್ಲಿ ಸಿಗೋ ಒಂದು ಹಾವಿಗೂ ಎರಡು ಹೆಸರು. ಕನ್ನಡದಲ್ಲಿ ಕೊಳಕುಮಂಡಲ, ತೆಲುಗಿನಲ್ಲಿ ರಕ್ತಪಿಂಜರ. ಕನ್ನಡದ ಹೆಸರು ಕೇಳಿದರೆ ಕಚ್ಚಿದ ಜಾಗ ಕೊಳೆಯೋದು ನೆನಪಾಗುತ್ತೆ. ತೆಲುಗಿನ ಹೆಸರಲ್ಲಿ ರಕ್ತವೇ ಇದೆ.

ಆ ತೆಲುಗು ಹೆಸರು ಇಟ್ಟವರು ಯಾರೋ, ವಿಷಯ ಸರಿಯಾಗಿ ಹಿಡಿದಿದ್ದರು. ನಾಗರಹಾವಿನ ವಿಷ ಮುಖ್ಯವಾಗಿ ನರಕ್ಕೆ ಹೊಡೆಯುತ್ತೆ. ಕೊಳಕುಮಂಡಲದ್ದು ರಕ್ತಕ್ಕೆ, ರಕ್ತನಾಳಕ್ಕೆ, ಕೊನೆಗೆ ಮೂತ್ರಪಿಂಡಕ್ಕೆ. ಮನುಷ್ಯನ ರಕ್ತ ಹೇಗೆ ಹೆಪ್ಪುಗಟ್ಟುತ್ತೆ ಅನ್ನೋ ವಿಚಾರದಲ್ಲಿ ಇವತ್ತಿನ ವೈದ್ಯಶಾಸ್ತ್ರಕ್ಕೆ ಗೊತ್ತಿರೋದರಲ್ಲಿ ಒಂದು ಪಾಲು ಈ ಹಾವಿನಿಂದ ಬಂದಿದ್ದು. ಆ ಕಥೆ ನಮ್ಮ ಕಡೆಯವರಿಗೇ ಗೊತ್ತಿಲ್ಲವಲ್ಲ ಅಂತ ಇದನ್ನ ಬರೀತಿದ್ದೀನಿ.

ಇಂಗ್ಲಿಷಿನವರು ಈ ಹಾವಿಗೆ ಪ್ಯಾಟ್ರಿಕ್ ರಸೆಲ್ ಹೆಸರಿಟ್ಟಿದ್ದಾರೆ. ರಸೆಲ್ ಸ್ಕಾಟ್ಲೆಂಡಿನ ವೈದ್ಯ. ವಿಶಾಖಪಟ್ಟಣದಲ್ಲಿದ್ದುಕೊಂಡು ಈಸ್ಟ್ ಇಂಡಿಯಾ ಕಂಪನಿಗೆ ಕೆಲಸ ಮಾಡುತ್ತಿದ್ದ. ಕೋಳಿ, ನಾಯಿಗಳಿಗೆ ಹಾವು ಕಚ್ಚಿಸಿ ಏನಾಗುತ್ತೆ ಅಂತ ನೋಡಿ ಬರೆದಿಟ್ಟ. ಕೋರಮಂಡಲ ತೀರದ ಹಾವುಗಳ ಬಗ್ಗೆ ಅವನ ಪುಸ್ತಕ 1796ರಲ್ಲಿ ಬಂತು. ಅದರಲ್ಲಿ ಈ ಹಾವಿಗೆ ಜನ ಕರೆಯೋ ಇನ್ನೊಂದು ತೆಲುಗು ಹೆಸರನ್ನೇ ಕೊಟ್ಟಿದ್ದಾನೆ: ಕಟುಕ ರೇಕುಲ ಪೊಡ. ಮರುವರ್ಷ ಹಾವಿನ ಶಾಸ್ತ್ರೀಯ ಹೆಸರಿನಲ್ಲಿ ರಸೆಲ್ ಸೇರಿಕೊಂಡ.

ಮುಂದಿನ ನೂರು ವರ್ಷ ಎಲ್ಲರೂ ಹುಡುಕಿದ್ದು ಮದ್ದನ್ನ. 1890ರ ದಶಕದಲ್ಲಿ ಫ್ರಾನ್ಸಿನ ಆಲ್ಬೆರ್ ಕಾಲ್ಮೆಟ್ ನಾಗರಹಾವಿನ ವಿಷಕ್ಕೆ ಪ್ರತಿವಿಷ ತಯಾರಿಸಿದ. ಕುದುರೆಗೆ ಸ್ವಲ್ಪ ಸ್ವಲ್ಪವೇ ವಿಷ ಕೊಟ್ಟು, ಅದರ ರಕ್ತದಿಂದ ಮದ್ದು ತೆಗೆಯೋ ವಿಧಾನ. ಒಂದೇ ಮದ್ದು ಎಲ್ಲ ಹಾವಿಗೂ ಆಗುತ್ತೆ ಅಂತ ಕಾಲ್ಮೆಟ್ ನಂಬಿದ್ದ. ಮುಂಬೈಯಲ್ಲಿದ್ದ ಇಂಡಿಯನ್ ಮೆಡಿಕಲ್ ಸರ್ವೀಸಿನ ಜಾರ್ಜ್ ಲ್ಯಾಂಬ್ 1900ರ ಆಸುಪಾಸಿನಲ್ಲಿ ಪರೀಕ್ಷಿಸಿ ನೋಡಿದರೆ, ಕೊಳಕುಮಂಡಲದ ವಿಷದ ಮುಂದೆ ಆ ಮದ್ದು ಕೆಲಸವೇ ಮಾಡಲಿಲ್ಲ. ಯಾವ ಹಾವಿನ ವಿಷವೋ, ಅದರದ್ದೇ ಮದ್ದು ಬೇಕು. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತೆ.

ಕಥೆ ತಿರುವು ತಗೊಂಡಿದ್ದು 1934ರಲ್ಲಿ, ಲಂಡನ್ನಿನಲ್ಲಿ. ಆರ್. ಜಿ. ಮ್ಯಾಕ್‌ಫರ್ಲೇನ್ ಅನ್ನೋ ಯುವ ವೈದ್ಯನಿಗೆ ಹಿಮೋಫಿಲಿಯಾ ರೋಗಿಗಳ ಚಿಂತೆ. ಅವರಿಗೆ ಒಂದು ಹಲ್ಲು ಕಿತ್ತರೂ ರಕ್ತ ನಿಲ್ಲಲ್ಲ. ಲಂಡನ್ ಮೃಗಾಲಯದಲ್ಲಿ ಹಾವುಗಳನ್ನ ನೋಡಿಕೊಳ್ಳುತ್ತಿದ್ದ ಬರ್ಗೆಸ್ ಬಾರ್ನೆಟ್ ಜೊತೆ ಸೇರಿ ಬೇರೆ ಬೇರೆ ಹಾವುಗಳ ವಿಷವನ್ನ ರಕ್ತಕ್ಕೆ ಹಾಕಿ ನೋಡಿದ. ಗೆದ್ದಿದ್ದು ಕೊಳಕುಮಂಡಲ. 10,000ಕ್ಕೆ 1 ಪಾಲು ವಿಷ ಸಾಕು, ಹಿಮೋಫಿಲಿಯಾ ಇರುವವರ ರಕ್ತವೂ ಕಟ್ಟುತ್ತಿತ್ತು. ಆ ತೆಳು ದ್ರಾವಣದಲ್ಲಿ ಅದ್ದಿದ ಬಟ್ಟೆಯನ್ನ ಹಲ್ಲು ಕಿತ್ತ ಜಾಗದಲ್ಲಿ ಒತ್ತಿದರೆ ರಕ್ತ ನಿಲ್ಲುತ್ತಿತ್ತು. ಮುಂದೆ ಇದು ‘ಸ್ಟಿಪ್‌ವೆನ್’ ಅನ್ನೋ ಹೆಸರಲ್ಲಿ ಔಷಧದ ಅಂಗಡಿಗೂ ಬಂತು.

ಇಲ್ಲಿ ಒಂದು ಪ್ರಶ್ನೆ ಏಳಬೇಕು. ರಕ್ತ ಕಟ್ಟಿಸೋ ವಿಷವಾದರೆ, ಕಚ್ಚಿಸಿಕೊಂಡವರಿಗೆ ವಸಡಿನಲ್ಲಿ, ಮೂತ್ರದಲ್ಲಿ ರಕ್ತ ಸೋರೋದು ಯಾಕೆ?

ಉತ್ತರ ನಮ್ಮ ಅಡುಗೆಮನೆಯಲ್ಲೇ ಇದೆ. ಒಂದು ಚಮಚ ಹೆಪ್ಪು ಹಾಕಿದರೆ ಒಂದು ಪಾತ್ರೆ ಹಾಲೂ ಮೊಸರಾಗುತ್ತೆ. ಆಮೇಲೆ ಮೊಸರು ಮಾಡೋಣ ಅಂದರೆ ಹಾಲೇ ಉಳಿದಿರಲ್ಲ. ವಿಷ ಮೈಯೊಳಗೆ ಹೋದಾಗ ಆಗೋದೂ ಇದೇ. ಇಡೀ ರಕ್ತದಲ್ಲಿ ಅಲ್ಲಲ್ಲಿ ಸಣ್ಣ ಸಣ್ಣ ಹೆಪ್ಪು ಕಟ್ಟಿಸಿ, ಅದಕ್ಕೆ ಬೇಕಾದ ಫೈಬ್ರಿನೋಜನ್ ಅನ್ನೋ ಪ್ರೋಟೀನನ್ನ ಖಾಲಿ ಮಾಡಿಬಿಡುತ್ತೆ. ಆಮೇಲೆ ನಿಜವಾಗಿ ಗಾಯ ಆದ ಕಡೆ ಕಟ್ಟೋದಕ್ಕೆ ಏನೂ ಉಳಿದಿರಲ್ಲ. ರಕ್ತನಾಳದ ಗೋಡೆಯನ್ನೂ ವಿಷವೇ ಕೆಡಿಸಿರುತ್ತೆ. ಹಾಗಾಗಿ ರಕ್ತ ಸೋರುತ್ತೆ.

ಅದೇ ಮ್ಯಾಕ್‌ಫರ್ಲೇನ್ 1964ರಲ್ಲಿ ರಕ್ತ ಹೆಪ್ಪುಗಟ್ಟೋದು ಒಂದು ಸರಪಳಿ ಅಂತ ವಿವರಿಸಿದ. ಒಂದು ಅಂಶ ಇನ್ನೊಂದನ್ನ ಎಬ್ಬಿಸುತ್ತೆ, ಅದು ಮತ್ತೊಂದನ್ನ. ನಮ್ಮ ಸಾಫ್ಟ್‌ವೇರ್ ಮಂದಿಗೆ ಇದು ಬೇಗ ಅರ್ಥ ಆಗುತ್ತೆ. ಒಂದು ಫಂಕ್ಷನ್ ಮುಂದಿನದನ್ನ ಕರೆಯುತ್ತೆ, ಅಷ್ಟೇ. ಕೊಳಕುಮಂಡಲದ ವಿಷ ಮೊದಲಿನ ಹೆಜ್ಜೆಗಳನ್ನೆಲ್ಲ ಬಿಟ್ಟು ನೇರವಾಗಿ ಹತ್ತನೇ ಅಂಶವನ್ನೇ ಕರೆಯುತ್ತೆ. ಹಾಗಾಗಿ ಸರಪಳಿಯಲ್ಲಿ ದೋಷ ಅದಕ್ಕಿಂತ ಮೇಲಿದೆಯೋ ಕೆಳಗಿದೆಯೋ ಅಂತ ಕಂಡುಹಿಡಿಯಲು ಇದೇ ವಿಷ ಉಪಕರಣವಾಯಿತು. 1986ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ತೆಳು ಮಾಡಿದ ಈ ವಿಷವನ್ನೇ ಬಳಸುತ್ತಾರೆ. ಮತ್ತೆ ಮತ್ತೆ ಗರ್ಭಪಾತ ಆಗೋ ಹೆಂಗಸರಲ್ಲಿ, ಚಿಕ್ಕ ವಯಸ್ಸಿಗೇ ರಕ್ತನಾಳದಲ್ಲಿ ಹೆಪ್ಪುಗಟ್ಟಿದವರಲ್ಲಿ ಕಾರಣ ಹುಡುಕಲು ಅದನ್ನ ಇವತ್ತಿಗೂ ಮಾಡ್ತಾರೆ. ಬೆಂಗಳೂರಿನ ದೊಡ್ಡ ಲ್ಯಾಬಿನ ರಿಪೋರ್ಟಿನಲ್ಲಿ ‘ರಸೆಲ್ಸ್ ವೈಪರ್’ ಅಂತ ಕಂಡರೆ ಗಾಬರಿ ಬೇಡ, ಅದು ನಮ್ಮ ಹೊಲದ ಹಾವೇ.

ಹಾವಿನ ವಿಷದ ಉಪಕಾರ ಇಷ್ಟಕ್ಕೇ ನಿಲ್ಲಲಿಲ್ಲ. ಬ್ರೆಜಿಲಿನ ಜರರಾಕ ಅನ್ನೋ ಹಾವಿನ ವಿಷದಲ್ಲಿ ಸೆರ್ಜಿಯೊ ಫೆರೇರಾ 1960ರ ದಶಕದಲ್ಲಿ ಕಂಡುಕೊಂಡ ಅಂಶದ ಜಾಡು ಹಿಡಿದು ಕ್ಯಾಪ್ಟೊಪ್ರಿಲ್ ಅನ್ನೋ ಬಿಪಿ ಮಾತ್ರೆ ಹುಟ್ಟಿತು. ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿದ್ದು 1981ರಲ್ಲಿ. ಕಲ್ಲು ಬಂಡೆ ಸಂದಿಯಲ್ಲಿರೋ ಗರಗಸ ಮಂಡಲದ ವಿಷದಲ್ಲಿ ಎಕಿಸ್ಟಾಟಿನ್ ಅನ್ನೋ ಪ್ರೋಟೀನ್ ಇದೆ. ಅದರ ಮಾದರಿಯಲ್ಲಿ ಮಾಡಿದ ಔಷಧ ಟೈರೊಫಿಬಾನ್. ಹೃದಯಾಘಾತದಲ್ಲಿ ರಕ್ತನಾಳದೊಳಗೆ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿಕೊಳ್ಳದಂತೆ ಇದು ತಡೆಯುತ್ತೆ. ನಮ್ಮ ಮೈಸೂರು ವಿಶ್ವವಿದ್ಯಾನಿಲಯದ ಜೀವರಸಾಯನ ವಿಭಾಗದಲ್ಲೂ ಟಿ. ವೀರಬಸಪ್ಪ ಗೌಡರು ಮತ್ತು ಅವರ ವಿದ್ಯಾರ್ಥಿಗಳು ಕೊಳಕುಮಂಡಲದ ವಿಷದ ಒಂದೊಂದೇ ಅಂಶ ಬೇರ್ಪಡಿಸಿ ಅಧ್ಯಯನ ಮಾಡಿದ್ದಾರೆ.

ಇಷ್ಟೆಲ್ಲ ಕೊಟ್ಟ ಹಾವಿನಿಂದ ಕಚ್ಚಿಸಿಕೊಂಡವನಿಗೆ ಸಿಕ್ಕಿದ್ದೇನು? 2020ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದ ಪ್ರಕಾರ ಭಾರತದಲ್ಲಿ ವರ್ಷಕ್ಕೆ ಸರಾಸರಿ 58,000 ಜನ ಹಾವು ಕಚ್ಚಿ ಸಾಯುತ್ತಾರೆ. ಹೆಚ್ಚಿನವರು ಹಳ್ಳಿಯವರು. ಅವರ ಮದ್ದು ಇವತ್ತಿಗೂ ಕುದುರೆಯಿಂದಲೇ ಬರುತ್ತೆ. ಅದಕ್ಕೆ ಬೇಕಾದ ವಿಷದಲ್ಲಿ ಬಹುಪಾಲನ್ನ ಒದಗಿಸುತ್ತಾ ಬಂದಿರೋದು ಚೆನ್ನೈ ಹತ್ತಿರದ ಇರುಳರ ಸಹಕಾರ ಸಂಘ, 1978ರಲ್ಲಿ ಶುರುವಾದದ್ದು. ಆ ಇರುಳರ ಕೆಲಸಕ್ಕೆ ಕೈ ಮುಗಿಯಬೇಕು. ಆದರೆ ಅವರು ಹಿಡಿಯೋದು ಅವರ ಸೀಮೆಯ ಹಾವುಗಳನ್ನ. ಬೆಂಗಳೂರಿನ ಐಐಎಸ್‌ಸಿಯ ಕಾರ್ತಿಕ್ ಸುನಗರ್ ಮತ್ತು ತಂಡದವರು ಕೊಳಕುಮಂಡಲದ ವಿಷ ಊರಿಂದ ಊರಿಗೆ ಬದಲಾಗುತ್ತೆ, ಕೆಲವು ಕಡೆ ಈಗಿನ ಮದ್ದು ಸಾಲದು ಅಂತ ತೋರಿಸಿದ್ದಾರೆ. 2025ರಲ್ಲಿ ಅವರು 34 ಜಾಗಗಳ 115 ಹಾವುಗಳ ವಿಷ ಹೋಲಿಸಿ ನೋಡಿದರು. ಒಣ ಸೀಮೆಯ ಹಾವುಗಳ ವಿಷದಲ್ಲಿ ಪ್ರೋಟೀನ್ ಕತ್ತರಿಸೋ ಕಿಣ್ವಗಳ ಕೆಲಸ ಜಾಸ್ತಿ ಅಂತ ಕಂಡುಬಂತು. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳೋ ತಾಲ್ಲೂಕುಗಳ ಸಾಲಿನಲ್ಲಿ ನಾವಿದ್ದೀವಿ, ಇದು ನಮಗೆ ಸಂಬಂಧಪಡದ ಮಾತಲ್ಲ. ಲ್ಯಾಂಬ್ ‘ಹಾವಿಗೊಂದು ಮದ್ದು’ ಅಂತ ತೋರಿಸಿ ನೂರು ವರ್ಷದ ಮೇಲಾಯ್ತು. ‘ಸೀಮೆಗೊಂದು ಮದ್ದು’ ಇನ್ನೂ ಬರಬೇಕು.

ನನ್ನ ಚಿಕ್ಕಪ್ಪನಿಗೆ ಶೇಂಗಾ ಕೀಳುವಾಗ ಕೊಳಕುಮಂಡಲ ಕಚ್ಚಿತ್ತು. ಮನೆಯವರೆಲ್ಲ ‘ಮೊದಲು ಇಂಜೆಕ್ಷನ್ ಕೊಡ್ರಪ್ಪ’ ಅಂತ ಕೂಗಾಡ್ತಿದ್ದರೆ, ಡಾಕ್ಟರು ಸ್ವಲ್ಪ ರಕ್ತ ತೆಗೆದು ಗಾಜಿನ ಟ್ಯೂಬಿಗೆ ಹಾಕಿ, ಅಲುಗಾಡಿಸದೆ ಇಟ್ಟು, ಗಡಿಯಾರ ನೋಡಿದರು. 20 ನಿಮಿಷ ಆದ ಮೇಲೆ ಓರೆ ಮಾಡಿದರು. ರಕ್ತ ನೀರಿನ ಹಾಗೆ ಹರೀತು. ಆಗಲೇ ಪ್ರತಿವಿಷದ ಬಾಟಲಿ ಏರಿತು. ಚಿಕ್ಕಪ್ಪ ಉಳಿದರು. ಡೇವಿಡ್ ವಾರೆಲ್ ಮತ್ತು ಜೊತೆಯವರು 1970ರ ದಶಕದಲ್ಲಿ ನೈಜೀರಿಯಾದಲ್ಲಿ ಮಂಡಲದ ಹಾವು ಕಚ್ಚಿದವರಿಗೆ ಬಳಸಿದ ಸರಳ ಪರೀಕ್ಷೆಯೇ ಅದು. ಕರೆಂಟ್ ಬೇಡ, ಮೆಷಿನ್ ಬೇಡ. ಟ್ಯೂಬು ಮಾತ್ರ ಗಾಜಿನದ್ದೇ ಆಗಿರಬೇಕು, ಒಣಗಿರಬೇಕು, ಸೋಪಿನ ಅಂಶ ಇರಬಾರದು. ಪ್ಲಾಸ್ಟಿಕ್ ಆದರೆ ಒಳ್ಳೆ ರಕ್ತವೂ ಕಟ್ಟದೆ ಮೋಸ ಮಾಡುತ್ತೆ.

2024ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನ ಅಧಿಸೂಚಿತ ಕಾಯಿಲೆ ಅಂತ ಘೋಷಿಸಿತು. ಅಂದರೆ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ವರದಿ ಮಾಡಲೇಬೇಕು. ಲೆಕ್ಕ ಸಿಕ್ಕರೆ ಯಾವ ತಾಲ್ಲೂಕಿಗೆ ಎಷ್ಟು ಮದ್ದು ಬೇಕು, ಯಾವ ಸೀಮೆಯ ವಿಷ ಬೇರೆ ಥರ ಇದೆ ಅನ್ನೋದು ಕಾಣುತ್ತೆ. ಆದರೆ ಆಸ್ಪತ್ರೆಗೆ ಬಂದವನದು ಮಾತ್ರ ಲೆಕ್ಕಕ್ಕೆ ಸಿಗುತ್ತೆ. ಮಂತ್ರ ಹಾಕಿಸೋಕೆ ಹೋಗಿ ಅಲ್ಲೇ ಸತ್ತವನದು ಸಿಗಲ್ಲ.

ಅದಕ್ಕೇ ಊರಿಗೆ ಹೋದಾಗೆಲ್ಲ ನಾನು ಹೇಳೋದು ಇಷ್ಟು. ಕಚ್ಚಿದ ಜಾಗ ಕುಯ್ಯಬೇಡಿ, ಕಟ್ಟದ ರಕ್ತ ಸುರೀತಾನೇ ಇರುತ್ತೆ. ಹಗ್ಗ ಬಿಗಿಯಬೇಡಿ, ಹಾವು ಹಿಡಿಯೋಕೆ ಹೋಗಬೇಡಿ. ಕಾಲು ಅಲುಗದ ಹಾಗೆ ನೋಡಿಕೊಂಡು ಸೀದಾ ಸರ್ಕಾರಿ ಆಸ್ಪತ್ರೆಗೆ ಕರ್ಕೊಂಡು ಹೋಗಿ, ಪ್ರತಿವಿಷಕ್ಕೆ ಅಲ್ಲಿ ದುಡ್ಡು ಕೊಡಬೇಕಿಲ್ಲ. ಡಾಕ್ಟರು ಗಾಜಿನ ಟ್ಯೂಬು ಇಟ್ಟುಕೊಂಡು ಕೂತರೆ ಬೈಯ್ಯಬೇಡಿ. ಅವರು ಸುಮ್ಮನೆ ಕೂತಿಲ್ಲ, ರಕ್ತದ ಮಾತು ಕೇಳ್ತಿದ್ದಾರೆ.